ಪುಟ್ಟ ರೈಲು ನೋಡಲು ಮನೆಮಂದಿಯೆಲ್ಲ ಹೊರಟಾಗ

ದಾವಣಗೆರೆಯ ಮಕ್ಕಳಿಗೆ ರೈಲು ಹೊಸದೇನಲ್ಲ. ಹಳಿ ಊರಿನ ನಡುವೆಯೇ ಹಾದು ಹೋಗಿದೆ. ಅಶೋಕ ಟಾಕೀಸ್ ಹತ್ತಿರದ ಗೇಟ್ ಹಾಕಿದಾಗ ಅಪ್ಪನ ಸ್ಕೂಟರ್ ಮುಂದೆ ನಿಂತುಕೊಂಡು ಬೋಗಿ ಎಣಿಸುತ್ತಾ ಬೆಳೆದವರು ನಾವು. ಆದರೆ ಆ ರೈಲು ಕಣ್ಣೆದುರು ಇರುವುದೇ ಅರ್ಧ ನಿಮಿಷ. ಅದು ಹಳಿ ಹೇಗೆ ಬದಲಿಸುತ್ತೆ, ಸಿಗ್ನಲ್ ಯಾಕೆ ಬಿತ್ತು, ಎದುರಿನಿಂದ ಇನ್ನೊಂದು ಬಂದರೆ ಏನು ಗತಿ, ಇದನ್ನೆಲ್ಲ ನಿಧಾನಕ್ಕೆ ನಿಂತು ನೋಡಲು ಮಕ್ಕಳಿಗೆ ಸಿಗುವ ಒಳ್ಳೆಯ ಜಾಗ ಅಂದರೆ, ಟೇಬಲ್ ಮೇಲೆ ಪುಟ್ಟ ರೈಲು ಓಡಿಸಿ ತೋರಿಸುವ ಮಾದರಿ ರೈಲು ಪ್ರದರ್ಶನ.

ಹೋದ ವರ್ಷ ಹವ್ಯಾಸಿಗಳ ತಂಡವೊಂದು ನಮ್ಮೂರಿನ ಒಂದು ಹಾಲ್‌ನಲ್ಲಿ ಎರಡು ದಿನ ಇಂಥ ಪ್ರದರ್ಶನ ಇಟ್ಟಿತ್ತು. ನಾವು ಶನಿವಾರ ಸಂಜೆ ಆರಕ್ಕೆ ಹೋದೆವು. ಕಾಲಿಡಲು ಜಾಗ ಇರಲಿಲ್ಲ. ಏಳು ವರ್ಷದ ಮಗ ನೋಡಿದ್ದೆಲ್ಲ ಮುಂದೆ ನಿಂತವರ ಬೆನ್ನು. ಮುಕ್ಕಾಲು ಗಂಟೆಯಲ್ಲಿ ಹೊರಗೆ ಬಂದೆವು, ಅವನು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಮಾವನವರನ್ನೂ ಕರೆದುಕೊಂಡು ಮತ್ತೆ ಹೋದೆವು. ಅವರು ಚಿಕ್ಕಜಾಜೂರಿನ ಕಡೆ ಕೀಮನ್, ಅಂದರೆ ಹಳಿ ಬಿಗಿದಿಡುವ ಕೀ ಸಡಿಲಾಗಿದೆಯಾ ಅಂತ ನೋಡಿ ಬಡಿದು ಕೂರಿಸುವವರು ಆಗಿದ್ದರು, ಹಳಿಯ ಪಕ್ಕದಲ್ಲೇ ನಡೆದು ಆಯುಷ್ಯ ಕಳೆದವರು. ಆ ದಿನ ಮೂರು ಗಂಟೆ ಹೋದದ್ದೇ ತಿಳಿಯಲಿಲ್ಲ. ಅದೇ ಹಾಲ್, ಅದೇ ರೈಲು. ಎರಡು ದಿನಕ್ಕೂ ಇಷ್ಟು ವ್ಯತ್ಯಾಸ ಯಾಕಾಯಿತು ಅಂತ ಕೂತು ಯೋಚಿಸಿದಾಗ ಹೊಳೆದದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಮೊದಲು ನಿಜವಾದ ರೈಲು ನೋಡಿ ಬನ್ನಿ

ಪ್ರದರ್ಶನಕ್ಕೆ ಎರಡು ಮೂರು ದಿನ ಇರುವಾಗ ಮಕ್ಕಳನ್ನು ಸ್ಟೇಷನ್‌ಗೆ ಕರೆದುಕೊಂಡು ಹೋಗಿ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಒಂದು ಗಂಟೆ ಕೂತರೆ ಸಾಕು. ಸುಮ್ನೆ ಕೂರಬೇಡಿ, ಏನು ನೋಡಬೇಕು ಅಂತ ತೋರಿಸಿ. ಎಂಜಿನ್ ಮೇಲೆ ಮಡಚಿದ ಮೊಣಕೈ ಥರ ಎದ್ದು ತಂತಿಗೆ ತಾಗುವ ಪ್ಯಾಂಟೋಗ್ರಾಫ್ ಇದೆಯಾ? ಬೋಗಿ ಕೆಂಪಾ, ನೀಲಿಯಾ? ಕೆಂಪು ಬಣ್ಣದ್ದು ಬಹುಮಟ್ಟಿಗೆ ಎಲ್‌ಎಚ್‌ಬಿ ಅನ್ನುವ ಹೊಸ ಬಗೆಯ ಬೋಗಿ, ನೀಲಿ ಬಣ್ಣದ್ದು ಐಸಿಎಫ್ ಅನ್ನುವ ಹಳೆಯ ಬಗೆಯದು. ಎರಡು ಬೋಗಿ ಕೂಡುವ ಜಾಗವನ್ನು ಪ್ಲಾಟ್‌ಫಾರ್ಮ್ ಮೇಲಿಂದಲೇ ನೋಡಲು ಹೇಳಿ. ಐಸಿಎಫ್‌ನಲ್ಲಿ ಎರಡೂ ಪಕ್ಕ ದುಂಡನೆಯ ಬಫರ್ ಇರುತ್ತೆ, ನಡುವೆ ಸ್ಕ್ರೂ ಹಾಕಿ ಬಿಗಿದ ಕೊಂಡಿ. ಎಲ್‌ಎಚ್‌ಬಿಯಲ್ಲಿ ನಡುವೆ ಎರಡು ಮುಷ್ಟಿ ಹಿಡಿದುಕೊಂಡ ಹಾಗೆ ಒಂದೇ ಕೊಂಡಿ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಪ್ರದರ್ಶನದಲ್ಲಿ ಬೆರಳುದ್ದದ ಬೋಗಿಯನ್ನೂ ಮಗು ಗುರುತು ಹಿಡಿಯುತ್ತೆ. ನಮ್ಮವನು ಹಿಡಿದ.

ಊರ ಹೆಸರಿನ ಹಳದಿ ಬೋರ್ಡ್ ಓದಿಸಿ. ಸಮುದ್ರ ಮಟ್ಟದಿಂದ ಸ್ಟೇಷನ್ ಎಷ್ಟು ಎತ್ತರದಲ್ಲಿದೆ ಅಂತ ಅದರಲ್ಲೇ ಬರೆದಿರುತ್ತೆ. ಒಳ್ಳೆಯ ಮಾದರಿ ಮಾಡುವವರು ಅದನ್ನೂ ಬಿಡುವುದಿಲ್ಲ.

ಇನ್ನೊಂದು ಕೆಲಸ ಮನೆಯಲ್ಲೇ ಮಾಡಿ. ಅಂಗಳದಲ್ಲೋ ಟೆರೇಸ್ ಮೇಲೋ ರಂಗೋಲಿ ಹಿಟ್ಟಿನಲ್ಲಿ ಎರಡು ಗೆರೆ ಎಳೆಯಿರಿ. ನಡುವೆ 1676 ಮಿಲಿಮೀಟರ್ ಇರಬೇಕು, ಅಂದರೆ ಐದೂವರೆ ಅಡಿ. ಅದು ನಮ್ಮ ಬ್ರಾಡ್ ಗೇಜ್. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಗಲ. ಮಗುವನ್ನು ಅದರಲ್ಲಿ ಅಡ್ಡ ಮಲಗಲು ಹೇಳಿ. ತಲೆ ಒಂದು ಗೆರೆಗೆ ತಾಗಿದರೂ ಕಾಲು ಇನ್ನೊಂದು ಗೆರೆ ಮುಟ್ಟುವುದಿಲ್ಲ. ಅದರ ಒಳಗೆ ಒಂದು ಮೀಟರ್ ಅಗಲದ ಮತ್ತೊಂದು ಜೋಡಿ ಎಳೆಯಿರಿ. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಗುವವರೆಗೂ ನಮ್ಮ ಬೆಂಗಳೂರು–ಹುಬ್ಬಳ್ಳಿ ದಾರಿಯ ರೈಲು ಓಡುತ್ತಿದ್ದದ್ದು ಈ ಮೀಟರ್ ಗೇಜ್ ಮೇಲೆ. ಈಗ ಒಂದು ಹಾಳೆಯಲ್ಲಿ 16.5 ಮಿಲಿಮೀಟರ್ ಬಿಟ್ಟು ಎರಡು ಗೆರೆ ಹಾಕಿ. ಪ್ರದರ್ಶನದಲ್ಲಿ ಜಾಸ್ತಿ ಕಾಣುವ ಹಳಿ ಇದು. ಅಂಗಳದ ಗೆರೆ ನೋಡಿ, ಹಾಳೆಯ ಗೆರೆ ನೋಡಿ, ನಮ್ಮ ಹುಡುಗ ಎರಡು ನಿಮಿಷ ಬಾಯಿ ಬಿಡಲಿಲ್ಲ.

ಸ್ಕೇಲ್ ಅಂದರೇನು ಅಂತ ಒಂದೇ ಮಾತಲ್ಲಿ

ನಿಜವಾದ ರೈಲನ್ನು ಎಷ್ಟು ಪಾಲು ಚಿಕ್ಕದು ಮಾಡಿದ್ದಾರೆ ಅನ್ನುವ ಲೆಕ್ಕವೇ ಸ್ಕೇಲ್. ಪ್ರತಿ ಟೇಬಲ್ ಮೇಲೂ ಎಚ್‌ಓ, ಎನ್, ಓಓ ಅಂತ ಅದರ ಚೀಟಿ ಅಂಟಿಸಿರುತ್ತಾರೆ. ಎಚ್‌ಓ ಅಂದರೆ ನಿಜವಾದದ್ದರ 87ನೇ ಒಂದು ಭಾಗ. ಎನ್ ಅಂದರೆ 160ನೇ ಒಂದು ಭಾಗ, ಅದರ ಹಳಿ 9 ಮಿಲಿಮೀಟರ್ ಅಗಲ. ಓಓ 76ನೇ ಒಂದು ಭಾಗಕ್ಕೆ ಹತ್ತಿರ, ಬ್ರಿಟನ್ನಿನ ಮಾದರಿಗಳು ಹೆಚ್ಚಾಗಿ ಇದರಲ್ಲಿ ಬರುತ್ತವೆ.

ಮಕ್ಕಳಿಗೆ ಈ ಅಂಕಿ ಬೇಡ. ಹೀಗೆ ಹೇಳಿ: ಎನ್ ಸ್ಕೇಲ್‌ನಲ್ಲಿ ದೊಡ್ಡ ಮನುಷ್ಯ ಒಂದು ಮಂಡಕ್ಕಿಯಷ್ಟು ಉದ್ದ. ಎಚ್‌ಓದಲ್ಲಿ ಎರಡು ಮಂಡಕ್ಕಿ ಉದ್ದಕ್ಕೆ ಇಟ್ಟಷ್ಟು. ದಾವಣಗೆರೆ ಮಗುವಿಗೆ ಇದಕ್ಕಿಂತ ಸುಲಭದ ಅಳತೆ ಇಲ್ಲ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಇನ್ನೊಂದು ವಿಷಯ ಹೇಳಬಹುದು. 16.5 ಮಿಲಿಮೀಟರ್ ಹಳಿ ವಿದೇಶದ 1435 ಮಿಲಿಮೀಟರ್ ಗೇಜ್‌ನ ಲೆಕ್ಕಕ್ಕೆ ಮಾಡಿದ್ದು. ನಮ್ಮ ಬ್ರಾಡ್ ಗೇಜ್ ಅದಕ್ಕಿಂತ ಅಗಲ. ಸರಿಯಾಗಿ 87ರಿಂದ ಭಾಗಿಸಿದರೆ 19 ಮಿಲಿಮೀಟರ್ ಮೇಲೆ ಬರಬೇಕು. ಸಿದ್ಧವಾಗಿ ಸಿಗುವ ಹಳಿ 16.5 ಮಿಲಿಮೀಟರಿನದೇ ಆದ್ದರಿಂದ ನಮ್ಮ ಎಂಜಿನ್‌ಗಳ ಮಾದರಿಯನ್ನೂ ಅದರ ಮೇಲೇ ಓಡಿಸುತ್ತಾರೆ. ಎದುರಿಗೆ ಕಣ್ಣಿಟ್ಟು ನೋಡಿದರೆ ಚಕ್ರ ಸ್ವಲ್ಪ ಒಳಗೆ ಸರಿದ ಹಾಗೆ ಕಾಣುತ್ತೆ.

ಮನೆಯ ಹಿರಿಯರನ್ನು ಬಿಟ್ಟು ಹೋಗಬೇಡಿ

ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಮುಖ್ಯ. ಇದು ಮಕ್ಕಳ ಆಟ, ಅಜ್ಜ ಅಜ್ಜಿಗೆ ಅಲ್ಲೇನು ಕೆಲಸ ಅಂತ ಮೊದಲ ದಿನ ನಾನೂ ಮಾವನವರನ್ನು ಮನೆಯಲ್ಲೇ ಬಿಟ್ಟೆ. ತಪ್ಪು ಮಾಡಿದೆ. ಅಲ್ಲಿ ಇಟ್ಟಿರುವ ಅರ್ಧಕ್ಕರ್ಧ ವಸ್ತು ಮಕ್ಕಳು ಕಣ್ಣಲ್ಲಿ ಕಂಡದ್ದಲ್ಲ. ಉಗಿ ಎಂಜಿನ್, ನೀರು ತುಂಬುವ ಸೊಂಡಿಲು, ಕೈ ಎತ್ತಿ ಇಳಿಸುವ ಸಿಗ್ನಲ್ ಕಂಬ. ಇವನ್ನು ಕಂಡವರು, ಅದರ ಕರಿ ಹೊಗೆ ಕುಡಿದವರು ನಮ್ಮ ಮನೆಯಲ್ಲೇ ಇದ್ದಾರೆ. ರೈಲ್ವೆಯಲ್ಲಿ ಕೆಲಸ ಮಾಡಿರಲೇಬೇಕು ಅಂತಿಲ್ಲ. ಮೀಟರ್ ಗೇಜ್ ರೈಲಿನಲ್ಲಿ ಮದುವೆ ದಿಬ್ಬಣ ಹೋದ ಅಜ್ಜಿ ಸಾಕು.

ಅವರಿಗಾಗಿ ಮೂರು ವಸ್ತು ಮರೆಯಬೇಡಿ. ಹತ್ತಿರದ್ದು ನೋಡುವ ಕನ್ನಡಕ. ಮಡಚುವ ಒಂದು ಸ್ಟೂಲ್, ಯಾಕಂದ್ರೆ ಇಂಥ ಕಡೆ ಕೂರಲು ಕುರ್ಚಿ ಸಿಗುವುದು ಅಪರೂಪ. ಕುಡಿಯುವ ನೀರು.

ಹೊತ್ತು ಮತ್ತು ತಿಂಡಿ

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಜನ ಕಡಿಮೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ, ಹಳಿ ಒರೆಸುವುದನ್ನು ನೋಡಬಹುದು. ಈ ರೈಲಿಗೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಒಂದು ಹಳಿಯಿಂದ ಚಕ್ರಕ್ಕೆ ಹತ್ತಿ, ಮೋಟಾರ್ ತಿರುಗಿಸಿ, ಇನ್ನೊಂದು ಹಳಿಯಿಂದ ವಾಪಸ್ ಹೋಗುತ್ತೆ. ಸಾಮಾನ್ಯವಾಗಿ 12 ವೋಲ್ಟ್, ಅಷ್ಟೇ. ಹಳಿ ಮೇಲೆ ಸ್ವಲ್ಪ ಧೂಳು ಕೂತರೂ ಎಂಜಿನ್ ತಡವರಿಸಿ ನಿಲ್ಲುತ್ತೆ. ನಮ್ಮೂರ ಧೂಳು ಗೊತ್ತಲ್ವಾ? ಅದಕ್ಕೆ ಅವರು ಬಟ್ಟೆಗೆ ಸ್ಪಿರಿಟ್ ಹಾಕಿಕೊಂಡು ಇಡೀ ಹಳಿಯನ್ನು ಬೆರಳಿನಿಂದ ಉಜ್ಜುತ್ತಾ ಬರುತ್ತಾರೆ. ಆ ಬಟ್ಟೆ ಕಪ್ಪಾಗುವುದನ್ನು ಮಗುವಿಗೆ ತೋರಿಸಿ.

ತಿಂಡಿ ಮುಗಿಸಿಕೊಂಡೇ ಹೋಗಿ. ಬೆಣ್ಣೆ ದೋಸೆ ತಿಂದಿದ್ದರೆ ಸೋಪು ಹಾಕಿ ಕೈ ತೊಳೆಸಿ, ಜಿಡ್ಡಿನ ಬೆರಳು ಹಳಿಗೆ ಧೂಳಿಗಿಂತ ಕೆಟ್ಟದ್ದು. ಮಂಡಕ್ಕಿ, ಮಿರ್ಚಿ ಪೊಟ್ಟಣ ಹಾಲ್ ಒಳಗೆ ಬಿಚ್ಚಲೇಬೇಡಿ. ಅದೆಲ್ಲ ಹೊರಗೆ ಬಂದ ಮೇಲೆ.

ಮೊದಲ ಸುತ್ತು ಬೇಗ, ಆಮೇಲೆ ಒಂದೇ ಟೇಬಲ್

ಒಳಗೆ ಹೋದ ಕೂಡಲೇ ಎಲ್ಲಾ ಟೇಬಲ್‌ಗೂ ಒಂದು ಸುತ್ತು ಹಾಕಿ ಬನ್ನಿ. ಹತ್ತು ನಿಮಿಷ ಸಾಕು. ಆಮೇಲೆ ಮಗುವನ್ನು ಕೇಳಿ, ಯಾವುದರ ಹತ್ತಿರ ನಿಲ್ಲೋಣ ಅಂತ. ಅದು ತೋರಿಸಿದ ಟೇಬಲ್ ಹತ್ತಿರ ಕಡಿಮೆ ಅಂದರೆ ಅರ್ಧ ಗಂಟೆ ನಿಲ್ಲಿ. ನಿಮಗೆ ಬೇರೆಯದು ಚೆನ್ನಾಗಿ ಕಂಡರೂ ನಿಲ್ಲಿ. ನಾವು ಶನಿವಾರ ಎಲ್ಲವನ್ನೂ ನೋಡಲು ಹೋಗಿ ಯಾವುದನ್ನೂ ನೋಡಲಿಲ್ಲ.

ಮಗುವಿನ ಕಣ್ಣು ಹಳಿಯ ಮಟ್ಟಕ್ಕೆ ಬರಬೇಕು. ಎತ್ತಿಕೊಂಡರೆ ಮೇಲಿನಿಂದ ಆಟಿಕೆ ಥರ ಕಾಣುತ್ತೆ. ಟೇಬಲ್ ಅಂಚಿಗೆ ಗಲ್ಲ ಸರಿಯಾಗುವ ಹಾಗೆ ನಿಂತರೆ, ಎಂಜಿನ್ ತನ್ನ ಮೈಮೇಲೇ ಬಂದ ಹಾಗೆ ಕಾಣುತ್ತೆ. ಚಿಕ್ಕ ಮಕ್ಕಳಿಗೆ ಆ ಸ್ಟೂಲ್ ಇಲ್ಲಿಯೂ ಉಪಯೋಗಕ್ಕೆ ಬಂತು. ಕೈ ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿರಲಿ. "ಮುಟ್ಟಬೇಡ" ಅಂತ ಹತ್ತು ಸಲ ಹೇಳುವುದಕ್ಕಿಂತ ಮೊದಲೇ "ಕೈ ಹಿಂದೆ ಕಟ್ಟು" ಅಂದರೆ ಆಯಿತು.

ಎಲ್ಲಿ ನಿಲ್ಲಬೇಕು ಅನ್ನುವುದೂ ಮುಖ್ಯ. ಜನ ಸೇರುವುದು ಸುರಂಗದ ಬಾಯಿ ಹತ್ತಿರ, ಸೇತುವೆ ಹತ್ತಿರ. ನೀವು ಸ್ಟೇಷನ್ ತುದಿಗೆ ಹೋಗಿ, ಒಂದು ಹಳಿ ಎರಡಾಗುವ ಜಾಗಕ್ಕೆ. ಅದಕ್ಕೆ ಪಾಯಿಂಟ್ ಅನ್ನುತ್ತಾರೆ. ಅಲ್ಲಿ ಚೂಪಾದ ಎರಡು ನಾಲಿಗೆ ಇರುತ್ತವೆ. ಅವು ಕೂದಲೆಳೆಯಷ್ಟು ಈ ಕಡೆ ಆ ಕಡೆ ಸರಿದರೆ ಇಡೀ ರೈಲು ಬೇರೆ ದಾರಿ ಹಿಡಿಯುತ್ತೆ. ಇಡೀ ಹಾಲ್‌ನಲ್ಲಿ ಇದಕ್ಕಿಂತ ಸ್ವಾರಸ್ಯದ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಾವನವರು ಸ್ಟೂಲ್ ಹಾಕಿಕೊಂಡು ಕೂತದ್ದು ಅಲ್ಲಿಯೇ. ಎರಡು ರೈಲು ಹೋಗುವವರೆಗೂ ಮಾತಾಡಲಿಲ್ಲ. ಆಮೇಲೆ ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೊಮ್ಮಗನ ಭುಜ ಹಿಡಿದು ಮೆಲ್ಲಗೆ ಅಂದರು: "ಅಲ್ನೋಡಪಾ, ಆ ನಾಲಿಗಿ ಪೂರಾ ಕುಂತಿಲ್ಲ. ಸಣ್ಣಗೆ ಬಾಯಿ ಬಿಟ್ಟೈತಿ. ಮುಂದಿನ ಗಾಡಿ ಬೀಳ್ತೈತಿ."

ನಾನು ಬಗ್ಗಿ ನೋಡಿದೆ. ನನಗೆ ಏನೂ ಕಾಣಲಿಲ್ಲ. ಅಷ್ಟರಲ್ಲಿ ಎಂಟು ಬೋಗಿಯ ರೈಲು ಬಂತು. ಎಂಜಿನ್ ದಾಟಿತು, ಒಂದು ಬೋಗಿ ದಾಟಿತು, ಎರಡು ದಾಟಿತು. ಮೂರನೆಯದರ ಮುಂದಿನ ಚಕ್ರ ಹಳಿ ಬಿಟ್ಟು ಜಲ್ಲಿ ಮೇಲೆ ಕೂತಿತು. ಮಗ ಅಜ್ಜನ ಮುಖ ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ರೈಲು ನಡೆಸುತ್ತಿದ್ದ ಹುಡುಗ ಓಡಿ ಬಂದ. ಚಿಮಟದಲ್ಲಿ ನಾಲಿಗೆಯ ಸಂದಿಯಿಂದ ಏನನ್ನೋ ಎತ್ತಿ ಅಂಗೈ ಮೇಲೆ ಇಟ್ಟ. ಸಾಸಿವೆಗಿಂತ ಚಿಕ್ಕ ಜಲ್ಲಿ ಚೂರು. "ಅಜ್ಜಾರೆ, ನಿಮಗೆ ಹೆಂಗೆ ಗೊತ್ತಾತು?" ಅಂದ. ಮಾವನವರು ನಕ್ಕು, "ದಿನಾ ಸುತ್ತಿಗೆ ಹಿಡಕೊಂಡು ಹಳಿ ಮೇಲೇ ನಡೆದೀನಲ್ಲಪ್ಪ, ಸಡ್ಲಾದ ಕೀ ಬಡೀತಾ" ಅಂದರು. ಆಮೇಲೆ ಆ ಹುಡುಗ ಹಗ್ಗ ಎತ್ತಿ ಅಜ್ಜ ಮೊಮ್ಮಗ ಇಬ್ಬರನ್ನೂ ಟೇಬಲ್ ಒಳಗಿನ ಕಡೆಗೆ ಕರೆದುಕೊಂಡು ಹೋದ, ಕಂಟ್ರೋಲರ್ ಇರುವ ಜಾಗಕ್ಕೆ.

ಅಲ್ಲಿ ನೋಡಬೇಕಾದದ್ದು ಇಷ್ಟು. ಹಳೆಯ ಬಗೆಯ ಕಂಟ್ರೋಲರ್ ಆದರೆ ಗುಂಡಿ ತಿರುಗಿಸಿದಷ್ಟೂ ವೋಲ್ಟ್ ಏರುತ್ತೆ, ರೈಲು ಜೋರಾಗುತ್ತೆ. ಕರೆಂಟ್‌ನ ಪ್ಲಸ್ ಮೈನಸ್ ಅದಲು ಬದಲಾದರೆ ರೈಲು ಹಿಂದಕ್ಕೆ ಹೋಗುತ್ತೆ. ಒಂದೇ ಹಳಿ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ. ಹೊಸ ಡಿಜಿಟಲ್ ಬಗೆಯಲ್ಲಿ ಹಳಿಯಲ್ಲಿ ಕರೆಂಟ್ ಯಾವಾಗಲೂ ಒಂದೇ ಸಮ ಇರುತ್ತೆ. ಪ್ರತಿ ಎಂಜಿನ್ ಒಳಗೂ ಒಂದು ಚಿಪ್, ಅದಕ್ಕೆ ಒಂದು ನಂಬರ್. ನಮ್ಮ ಫೋನ್ ನಂಬರ್ ಇದ್ದ ಹಾಗೆ. ನಂಬರ್ ಒತ್ತಿ ಕರೆದ ಎಂಜಿನ್ ಮಾತ್ರ ಹೊರಡುತ್ತೆ, ದೀಪ ಹಾಕುತ್ತೆ, ಸೀಟಿ ಊದುತ್ತೆ.

ರೈಲು ಎಷ್ಟು ಜೋರಾಗಿ ಓಡಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಗಂಟೆಗೆ 100 ಕಿಲೋಮೀಟರ್ ಓಡುವ ರೈಲು ಎಚ್‌ಓದಲ್ಲಿ ಒಂದು ಸೆಕೆಂಡಿಗೆ 32 ಸೆಂಟಿಮೀಟರ್ ಹೋಗಬೇಕು. ಒಂದಡಿಗಿಂತ ಸ್ವಲ್ಪ ಜಾಸ್ತಿ. ಮಗುವಿಗೆ ಒಂದು, ಎರಡು ಅಂತ ಎಣಿಸಲು ಹೇಳಿ. ಯಾರು ನಿಧಾನವಾಗಿ, ನಿಜದ ಹಾಗೆ ನಡೆಸುತ್ತಿದ್ದಾರೆ ಅಂತ ಅದೇ ಕಂಡುಹಿಡಿಯುತ್ತೆ. ಬೋಗಿಯ ಉದ್ದವನ್ನೂ ಹೀಗೇ ತಾಳೆ ನೋಡಬಹುದು. ಎಲ್‌ಎಚ್‌ಬಿ ಬೋಗಿ ಸುಮಾರು ಇಪ್ಪತ್ಮೂರೂವರೆ ಮೀಟರ್, ಎಚ್‌ಓದಲ್ಲಿ 27 ಸೆಂಟಿಮೀಟರ್. ಇಪ್ಪತ್ತು ಬೋಗಿ ಹಾಕಿದರೆ ಐದು ಮೀಟರ್ ದಾಟುತ್ತೆ. ಟೇಬಲ್ ಮೇಲಿನ ರೈಲು ಆರೆಂಟು ಬೋಗಿಗೆ ಮುಗಿಯುವುದು ಅದಕ್ಕೇ.

ಏನು ಕೇಳಬೇಕು

ಇವರು ಸಂಬಳಕ್ಕೆ ನಿಂತವರಲ್ಲ. ಭಾನುವಾರ, ರಾತ್ರಿ ಅಂತ ಬಿಡುವು ಮಾಡಿಕೊಂಡು ಕಟ್ಟಿದವರು. ನಾವೆಲ್ಲ ಮೊದಲು ಬಾಯಿಬಿಡುವುದೇ "ಇದಕ್ಕೆ ಎಷ್ಟಾಯ್ತು ಸರ್?" ಅಂತ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಈ ಮರ ಯಾವುದರಿಂದ ಮಾಡಿದಿರಿ, ಈ ಕೆರೆಯ ನೀರು ಏನು, ಈ ಬೋರ್ಡ್‌ಗಳನ್ನು ಬಿಚ್ಚಿ ಹೇಗೆ ತಂದಿರಿ ಅಂತ ಮಗುವಿನ ಬಾಯಿಂದಲೇ ಕೇಳಿಸಿ. ಉತ್ತರ ಬಹಳ ಚೆನ್ನಾಗಿರುತ್ತೆ. ಮರದ ಕಾಂಡ ಹುರಿ ಮಾಡಿದ ತಂತಿ, ಎಲೆ ಬಣ್ಣ ಹಾಕಿದ ಸ್ಪಾಂಜಿನ ಚೂರು. ಗುಡ್ಡ ಅಂದರೆ ಥರ್ಮಾಕೋಲ್ ಮೇಲೆ ಪ್ಲಾಸ್ಟರ್. ನೀರು ಅಂದರೆ ಗಟ್ಟಿಯಾದ ರೆಸಿನ್. ಮನೆಯ ಜರಡಿಯಲ್ಲಿ ಸೋಸಿದ ಮರಳನ್ನು ನೆಲಕ್ಕೆ ಹಾಕುವವರೂ ಇದ್ದಾರೆ.

ಫೋಟೊ ತೆಗೆಯುವುದಾದರೆ ಫ್ಲ್ಯಾಶ್ ಬೇಡ. ಫೋನನ್ನು ತಲೆಕೆಳಗೆ ಹಿಡಿಯಿರಿ, ಆಗ ಕ್ಯಾಮೆರಾ ಹಳಿಯ ಮಟ್ಟಕ್ಕೆ ಇಳಿಯುತ್ತೆ. ಚಿತ್ರ ನಿಜವಾದ ಸ್ಟೇಷನ್ ಥರವೇ ಬರುತ್ತೆ.

ಕೊಳ್ಳುವ ಮೊದಲು

ಬಾಗಿಲ ಹತ್ತಿರ ಮಾರಾಟದ ಮಳಿಗೆ ಇದ್ದರೆ ಒಳಗೆ ಹೋಗುವಾಗ ನಿಲ್ಲಬೇಡಿ. ಸ್ಕೇಲ್ ಮಾದರಿಯ ಪೆಟ್ಟಿಗೆ ಮೇಲೆ ಸಾಮಾನ್ಯವಾಗಿ 14 ವರ್ಷ ಮೇಲ್ಪಟ್ಟವರಿಗೆ ಅಂತ ಬರೆದಿರುತ್ತೆ. ಅದು ಸುಮ್ನೆ ಬರೆದದ್ದಲ್ಲ. ಕೈಗೆ ಸಿಕ್ಕರೆ ಮುರಿಯುವ, ಚಿಕ್ಕ ಮಕ್ಕಳು ನುಂಗಬಹುದಾದ ಬಿಡಿಭಾಗ ಅದರಲ್ಲಿ ಇರುತ್ತವೆ. ಬೆಲೆಯೂ ಆಟಿಕೆ ಬೆಲೆಯಲ್ಲ. ಏಳೆಂಟು ವರ್ಷದ ಮಗುವಿಗೆ ಬ್ಯಾಟರಿ ರೈಲೇ ಸರಿ. ಜೊತೆಗೆ ರಟ್ಟು, ಕತ್ತರಿ, ಗೋಂದು ಕೊಡಿ, ಸ್ಟೇಷನ್ ತಾನೇ ಕಟ್ಟಿಕೊಳ್ಳಲಿ.

ಊರಿಗೆ ಪ್ರದರ್ಶನ ಬಾರದಿದ್ದರೆ

ಹತ್ತಿರದ್ದು ಹುಬ್ಬಳ್ಳಿ. ಅಲ್ಲಿ 2020ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಗದಗ ರಸ್ತೆ ಕಡೆಗೆ, ಸ್ಟೇಷನ್ ಪಕ್ಕದಲ್ಲೇ ಇದೆ. ಹಳೆಯ ನ್ಯಾರೋ ಗೇಜ್ ಎಂಜಿನ್ ನೋಡಬಹುದು, ಮಕ್ಕಳು ಕೂರುವ ಪುಟ್ಟ ರೈಲೂ ಇದೆ. ಬೆಳಿಗ್ಗೆ ದಾವಣಗೆರೆಯಲ್ಲಿ ರೈಲು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ಹರಿಹರ ದಾಟುವಾಗ ತುಂಗಭದ್ರೆಯ ಸೇತುವೆ ಸಿಗುತ್ತೆ, ಆಗ ಮಗು ಕಿಟಕಿ ಪಕ್ಕ ಇರಲಿ.

ಮೈಸೂರಿನ ರೈಲ್ವೆ ಮ್ಯೂಸಿಯಂ 1979ರದ್ದು. ಮಹಾರಾಣಿಯವರ ಸಲೂನ್ ಬೋಗಿ ಅಲ್ಲಿದೆ. ಅದಕ್ಕೆ ಒಂದಿಡೀ ದಿನ ಇಟ್ಟುಕೊಳ್ಳಿ. ಮಾದರಿ ರೈಲೇ ಬೇಕು ಅಂದರೆ ಪುಣೆಯ ಕೋಥ್ರೂಡ್‌ನಲ್ಲಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಹೋಗಬೇಕು. 1998ರಲ್ಲಿ ತೆರೆದದ್ದು. ಇಡೀ ಊರನ್ನೇ ಮಾಡಿ ರೈಲು ಓಡಿಸಿ ತೋರಿಸುತ್ತಾರೆ. ಎಲ್ಲಿಗೇ ಹೋಗುವುದಾದರೂ ಯಾವ ವಾರ ರಜೆ ಅಂತ ಮೊದಲು ಫೋನ್ ಮಾಡಿ ತಿಳಿದುಕೊಳ್ಳಿ.

ಮನೆಗೆ ಬಂದ ಮೇಲೆ

ಆ ರಾತ್ರಿಯೇ ಮಗುವಿಗೆ ಒಂದು ಹಾಳೆ ಕೊಟ್ಟು ನೋಡಿದ್ದರಲ್ಲಿ ಒಂದನ್ನು ಬರೆಯಲು ಹೇಳಿ. ಮಾರನೆಯ ದಿನ ಎಂದು ಮುಂದೂಡಬೇಡಿ. ನಮ್ಮವನು ಬರೆದದ್ದು ಆ ಜಲ್ಲಿ ಚೂರಿನ ಚಿತ್ರ, ಹಾಳೆ ತುಂಬ ದೊಡ್ಡದಾಗಿ.

ಆಮೇಲೆ ಪ್ರದರ್ಶನದಲ್ಲಿ ಕಂಡ ಯಾವುದಾದರೂ ಒಂದು ಕೆಲಸವನ್ನು ಆಟ ಮಾಡಿ. ಟೋಕನ್ ಬಹಳ ಒಳ್ಳೆಯ ಆಟ. ಒಂದೇ ಹಳಿ ಇರುವ ಕಡೆ ಎದುರು ಬದುರು ರೈಲು ಬಂದರೆ ಡಿಕ್ಕಿ ಅಲ್ವಾ? ಅದಕ್ಕೆ ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಟೋಕನ್ ಹೊರಗೆ ಬರುವಂಥ ಯಂತ್ರ ಇಟ್ಟಿದ್ದರು. ಟೋಕನ್ ಅಂದರೆ ಒಂದು ಲೋಹದ ಗುಂಡು. ಅದನ್ನು ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಹಾಕಿ ಎತ್ತಿ ಹಿಡಿದರೆ, ಹೋಗುತ್ತಿರುವ ರೈಲಿನಿಂದಲೇ ತೋಳು ಚಾಚಿ ಬಳೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಗುಂಡು ಕೈಗೆ ಬಾರದೆ ಡ್ರೈವರ್ ಮುಂದೆ ಹೋಗುವ ಹಾಗಿಲ್ಲ.

ಇದನ್ನು ಕೇಳಿದ ಮಗ ಬಿಡಲಿಲ್ಲ. ಮಾವನವರು ಬಿದಿರಿನ ದಬ್ಬೆ ಬಗ್ಗಿಸಿ ಬಳೆ ಮಾಡಿದರು, ನಾನು ಹಳೇ ಪ್ಯಾಂಟಿನ ಜೇಬು ಕತ್ತರಿಸಿ ಚೀಲ ಹೊಲಿದುಕೊಟ್ಟೆ, ಒಳಗೆ ರಬ್ಬರ್ ಚೆಂಡು. ಮರುದಿನ ಸಂಜೆ ನಮ್ಮ ಓಣಿಯಲ್ಲಿ ಐದು ಸೈಕಲ್ ಸಾಲಾಗಿ ನಿಂತಿದ್ದವು. ಮಾವನವರು ಗೇಟಿನ ಹತ್ತಿರ ಬಳೆ ಎತ್ತಿ ಹಿಡಿದರು. ಒಬ್ಬ ತೋಳಿಗೆ ಸಿಕ್ಕಿಸಿಕೊಂಡು ಓಣಿಯ ಆ ತುದಿ ಮುಟ್ಟಿ ವಾಪಸ್ ತಂದು ಕೊಡುವವರೆಗೂ ಉಳಿದ ನಾಲ್ವರು ಪೆಡಲ್ ಮೇಲೆ ಕಾಲಿಟ್ಟುಕೊಂಡು ಕಾಯುತ್ತಿದ್ದರು.